ಲೆಕ್ಕ ಹೊಸದಾದರೆ ಹೆದರದವರು ಕವಿತೆ ಹೊಸದಾದರೆ ಯಾಕೆ ಹೆದರಬೇಕು?

ಇಂಗ್ಲಿಷ್ ಪತ್ರಿಕೆಯಲ್ಲಿ ನಮ್ಮ ಕಾಮರ್ಸ್ ಸೆಕ್ಷನ್‌ನವರು ಮೊದಲು ಪಕ್ಕಕ್ಕಿಡುವ ಪ್ರಶ್ನೆ ಯಾವುದು ಅಂತ ಯಾರನ್ನು ಕೇಳಿದರೂ ಹೇಳುತ್ತಾರೆ. ಪುಸ್ತಕದಲ್ಲಿ ಇಲ್ಲದ ಒಂದು ಕವಿತೆಯ ಕೆಲವು ಸಾಲು ಕೊಟ್ಟು, ಕೆಳಗೆ ಒಂದೊಂದು ಅಂಕದ ಪ್ರಶ್ನೆ ಕೇಳುತ್ತಾರಲ್ಲ, ಅದು. ಹಳೆಯ ಪ್ರಶ್ನೆಪತ್ರಿಕೆಗಳನ್ನು ತೆಗೆದು ನೋಡಿ, ಸಿಗುತ್ತದೆ. "ಕೊನೆಗೆ ನೋಡೋಣ" ಅಂತ ಬಿಟ್ಟವರು, ಕೊನೆಯ ಬೆಲ್ ಹೊಡೆಯುವ ಹೊತ್ತಿಗೆ ಕವಿತೆಯ ಸಾಲನ್ನೇ ಉತ್ತರದ ಜಾಗಕ್ಕೆ ಇಳಿಸಿ ಎದ್ದು ಬರುತ್ತಾರೆ. ಹೊರಗೆ ಬಂದ ಮೇಲೆ ಮಾತು ಒಂದೇ: "ಅದು ಸಿಲೆಬಸ್‌ನಲ್ಲೇ ಇರಲಿಲ್ಲ."

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಈ ಪ್ರಶ್ನೆಗೆ ಹೆದರುವ ಹಕ್ಕು ಕಾಮರ್ಸ್ ವಿದ್ಯಾರ್ಥಿಗಳಿಗೆ ಇಲ್ಲ. ಉರ್ದು ಮಾತಾಡುವ ಮನೆಯಿಂದ ಬಂದವರಿಗಂತೂ ಇಲ್ಲವೇ ಇಲ್ಲ. ನಾವು ಹೆದರುವುದು ಯಾಕೆಂದರೆ ಪರೀಕ್ಷೆಗೆ ಕವಿತೆ ಓದುವ ನಮ್ಮ ಕ್ರಮವೇ ತಲೆಕೆಳಗಾಗಿದೆ. ಕವಿತೆಯನ್ನು ಬಿಟ್ಟು ಅದರ ಉತ್ತರವನ್ನು ಬಾಯಿಪಾಠ ಮಾಡುತ್ತೇವೆ.

ಈ ವಿಷಯ ನನ್ನ ತಲೆಗೆ ಹೊಕ್ಕದ್ದು ಇಂಗ್ಲೆಂಡಿನ ಲೆಸ್ಟರ್‌ನಲ್ಲಿರುವ ನನ್ನ ಖಾಲಾ ಅವರ ಮಗಳಿಂದ. ಅವಳಿಗೆ ಹದಿನಾರು. ಈ ಮೇ-ಜೂನ್‌ನಲ್ಲಿ ಜಿ.ಸಿ.ಎಸ್.ಇ. ಬರೆಯುತ್ತಾಳೆ. ಅದು ನಮ್ಮ ಎಸ್ಸೆಸ್ಸೆಲ್ಸಿ ಇದ್ದ ಹಾಗೆ. ಅಲ್ಲಿ ಇಂಗ್ಲಿಷ್ ಭಾಷೆ ಬೇರೆ ವಿಷಯ, ಇಂಗ್ಲಿಷ್ ಸಾಹಿತ್ಯ ಬೇರೆ ವಿಷಯ. ಸಾಹಿತ್ಯಕ್ಕೆ ಶೇಕ್ಸ್‌ಪಿಯರನ ಒಂದು ನಾಟಕ, ಹತ್ತೊಂಬತ್ತನೇ ಶತಮಾನದ ಒಂದು ಕಾದಂಬರಿ, 1914ರ ನಂತರದ ಒಂದು ಕಥೆ ಅಥವಾ ನಾಟಕ, ಜೊತೆಗೆ ಒಂದು ಕವನ ಸಂಕಲನ. ಹಿಂದೆ ಕೆಲವು ಪತ್ರಿಕೆಗಳಿಗೆ ಏನೂ ಗೀಚದ ಪುಸ್ತಕವನ್ನು ಪರೀಕ್ಷಾ ಕೊಠಡಿಗೆ ಒಯ್ಯಲು ಬಿಡುತ್ತಿದ್ದರಂತೆ. 2015ರಲ್ಲಿ ಹೊಸ ಪಠ್ಯಕ್ರಮ ಬಂತು, 2017ರಲ್ಲಿ ಅದರ ಮೊದಲ ಪರೀಕ್ಷೆ ನಡೆಯಿತು, ಆವತ್ತಿನಿಂದ ಪುಸ್ತಕ ಹೊರಗೆ. ಎಲ್ಲವೂ ತಲೆಯಲ್ಲಿರಬೇಕು.

ಅಷ್ಟೇ ಆಗಿದ್ದರೆ ನಮಗೆ ಹೊಸದೇನಲ್ಲ, ನಾವು ಹುಟ್ಟಿದಾಗಿನಿಂದ ಪುಸ್ತಕ ಹೊರಗಿಟ್ಟೇ ಪರೀಕ್ಷೆ ಬರೆಯುತ್ತಿರುವವರು. ಆದರೆ ಅವಳ ಪತ್ರಿಕೆಯಲ್ಲಿ ಇನ್ನೊಂದು ಭಾಗ ಇದೆ. ಅವಳ ಶಾಲೆಯವರು ಎ.ಕ್ಯೂ.ಎ. ಎಂಬ ಪರೀಕ್ಷಾ ಮಂಡಳಿಯ ಪತ್ರಿಕೆ ಬರೆಯುತ್ತಾರೆ. ಅದರಲ್ಲಿ ಮೊದಲ ಪತ್ರಿಕೆಗೆ 64 ಅಂಕ, ಎರಡನೆಯದಕ್ಕೆ 96. ಒಟ್ಟು 160. ಎರಡನೆಯ ಪತ್ರಿಕೆಯ ಕೊನೆಯಲ್ಲಿ, ಅವರು ಎಂದೂ ನೋಡಿರದ ಒಂದು ಕವಿತೆ ಕೊಟ್ಟು 24 ಅಂಕದ ಪ್ರಶ್ನೆ. ಆಮೇಲೆ ಎಂದೂ ನೋಡಿರದ ಇನ್ನೊಂದು ಕವಿತೆ ಕೊಟ್ಟು, ಎರಡನ್ನೂ ಹೋಲಿಸಿ ಅಂತ 8 ಅಂಕ. ಒಟ್ಟು 32. ಲೆಕ್ಕ ಹಾಕಿ ನೋಡಿ, ಇಡೀ ವಿಷಯದ ಐದನೇ ಒಂದು ಭಾಗ. ನಮ್ಮಲ್ಲಿ ನಾಲ್ಕು ಸಾಲಿಗೆ ಕೈ ನಡುಗುತ್ತದೆ, ಅಲ್ಲಿ ಅದರ ಮೇಲೆ ಪುಟಗಟ್ಟಲೆ ಪ್ರಬಂಧ ಬರೆಸುತ್ತಾರೆ.

ಈಗ ನಮ್ಮ ಅಕೌಂಟೆನ್ಸಿ ಕ್ಲಾಸಿಗೆ ಬನ್ನಿ. ಹೊಸ ಪಾಲುದಾರನ ಪ್ರವೇಶದ ಲೆಕ್ಕವನ್ನು ಯಾರಾದರೂ ಉತ್ತರ ಸಮೇತ ಬಾಯಿಪಾಠ ಮಾಡುತ್ತಾರಾ? ಮಾಡಿದರೆ ನಗುತ್ತೇವೆ. ಪರೀಕ್ಷೆಯಲ್ಲಿ ಪಾಲುದಾರರ ಹೆಸರು ಬೇರೆ, ಬಂಡವಾಳ ಬೇರೆ, ಗುಡ್‌ವಿಲ್ ಬೇರೆ, ಕಟ್ಟಡದ ಬೆಲೆ ಏರಿದ್ದು ಬೇರೆ. ಆ ಬ್ಯಾಲೆನ್ಸ್ ಶೀಟನ್ನು ನಾವು ಜೀವಮಾನದಲ್ಲೇ ನೋಡಿರುವುದಿಲ್ಲ. ಆದರೂ ಯಾರೂ ಹೊರಗೆ ಬಂದು "ಈ ಅಂಕಿಗಳು ಸಿಲೆಬಸ್‌ನಲ್ಲಿ ಇರಲಿಲ್ಲ" ಅನ್ನುವುದಿಲ್ಲ. ರಿವ್ಯಾಲ್ಯುಯೇಶನ್ ಖಾತೆಯ ನಮೂನೆ ತಲೆಯಲ್ಲಿ ಇದೆ, ಯಾವುದು ಡೆಬಿಟ್‌ಗೆ ಹೋಗುತ್ತದೆ ಯಾವುದು ಕ್ರೆಡಿಟ್‌ಗೆ ಅಂತ ಗೊತ್ತು, ಅಂಕಿ ಯಾವುದೇ ಬರಲಿ. ಅಂದರೆ ಪುಸ್ತಕ ಮುಚ್ಚಿದ ಪರೀಕ್ಷೆ, ನೋಡಿರದ ಪ್ರಶ್ನೆ, ಎರಡೂ ನಮಗೆ ದಿನದ ಊಟ. ಸ್ಟ್ಯಾಟಿಸ್ಟಿಕ್ಸ್‌ನವರಿಗೂ ಇದೇ ಮಾತು.

ಇಂಗ್ಲಿಷ್‌ನಲ್ಲಿ ಮಾತ್ರ ನಾವು ಉಲ್ಟಾ ನಡೆಯುತ್ತೇವೆ. ನಮ್ಮ ದ್ವಿತೀಯ ಪಿಯು ಪುಸ್ತಕದಲ್ಲಿ ಏಟ್ಸ್ ಇದ್ದಾರೆ, ನೆರೂಡ ಇದ್ದಾರೆ, ಇಂಗ್ಲಿಷಿಗೆ ಅನುವಾದವಾದ ಕುವೆಂಪು ಇದ್ದಾರೆ. ಪಾಠ ಶುರುವಾಗುವ ಮೊದಲೇ ಗೈಡ್ ಕೈಯಲ್ಲಿರುತ್ತದೆ. ಗೈಡ್‌ನಲ್ಲಿ ಮೊದಲು ಸಾರಾಂಶ, ಆಮೇಲೆ ಪ್ರಶ್ನೋತ್ತರ. ಕವಿತೆ ಮಾತ್ರ ಪಠ್ಯಪುಸ್ತಕದಲ್ಲಿ ಒಂಟಿಯಾಗಿ ಕೂತಿರುತ್ತದೆ. "ಪಾಸಿಂಗ್ ಪ್ಯಾಕೇಜ್" ಬಂದ ಮೇಲೆ ಪಠ್ಯಪುಸ್ತಕ ತೆಗೆಯುವ ಕಷ್ಟವೂ ಇಲ್ಲ. ನೆರೂಡರ ಕವಿತೆಯ ಬಗ್ಗೆ ನಾಲ್ಕು ಅಂಕದ ಉತ್ತರವನ್ನು ಒಂದು ಅಕ್ಷರ ತಪ್ಪಿಲ್ಲದೆ ಒಪ್ಪಿಸುವ ಗೆಳತಿಯರು ನನಗೆ ಇದ್ದಾರೆ. ಆ ಕವಿತೆಯ ಒಂದು ಸಾಲು ಹೇಳು ಅಂದರೆ ಬಾಯಿ ಕಟ್ಟುತ್ತದೆ. ಲೆಕ್ಕದ ವಿಧಾನ ಕಲಿಯದೆ ಹಿಂಬದಿಯ ಉತ್ತರ ಮಾತ್ರ ಬಾಯಿಪಾಠ ಮಾಡಿದ ಹಾಗಾಯಿತು ಇದು. ಪ್ರಶ್ನೆ ಸ್ವಲ್ಪ ತಿರುಗಿದರೆ ಮುಗಿಯಿತು.

ಬಾಯಿಪಾಠದ ವಿರುದ್ಧ ನಾನಿಲ್ಲ, ಇದನ್ನು ಗಟ್ಟಿಯಾಗಿಯೇ ಹೇಳುತ್ತೇನೆ. ಈಗ ಬಾಯಿಪಾಠವನ್ನು ಬೈಯುವುದು ಒಂದು ಫ್ಯಾಶನ್ ಆಗಿದೆ. ಮಗ್ಗಿ ಬಾಯಿಪಾಠ ಇಲ್ಲದವನು ಅಂಗಡಿಯಲ್ಲಿ ಕೂರಲಾರ. ನನ್ನ ಖಾಲಾ ಮಗಳ ದೂರು ಕೂಡ ಇದೇ: "ಬಾಜಿ, ಮ್ಯಾಥ್ಸ್‌ಗೂ ಫಿಸಿಕ್ಸ್‌ಗೂ ಸೂತ್ರಗಳ ಹಾಳೆ ಕೊಡುತ್ತಾರೆ, ಸಾಹಿತ್ಯಕ್ಕೆ ಮಾತ್ರ ಪುಸ್ತಕ ಕೊಡಲ್ಲ, ಇದು ಯಾವ ನ್ಯಾಯ?" ಹೌದು, ಕೋವಿಡ್ ನಂತರ 2022ರಿಂದ ಅಲ್ಲಿ ಆ ಎರಡು ವಿಷಯಗಳಿಗೆ ಸೂತ್ರಗಳನ್ನು ಕೊಡುತ್ತಿದ್ದಾರೆ. ಇಡೀ ಕಾದಂಬರಿಯ ಮಟ್ಟಿಗೆ ಅವಳ ಮಾತು ನಾನು ಒಪ್ಪುತ್ತೇನೆ. ಕವಿತೆಯ ಮಟ್ಟಿಗೆ ಒಪ್ಪುವುದಿಲ್ಲ. ಕವಿತೆ ಇರುವುದೇ ನೆನಪಿನಲ್ಲಿ ಉಳಿಯುವ ಹಾಗೆ. ಪ್ರಾಸ, ಲಯ, ಮತ್ತೆ ಮತ್ತೆ ಬರುವ ಸಾಲು, ಇವೆಲ್ಲ ಇರುವುದು ಯಾಕೆ? ಕಾಗದ ಇಲ್ಲದ ಕಾಲದಲ್ಲೂ ಜನ ಹಾಗೆಯೇ ಹೊತ್ತು ತಂದರಲ್ಲ.

ಅವಳು ಬಾಯಿಪಾಠ ಮಾಡುವ ರೀತಿಯ ಮೇಲೆ ಮಾತ್ರ ನನಗೆ ತಕರಾರು ಇದೆ. ಅವಳ ಸಂಕಲನದಲ್ಲಿ 15 ಕವಿತೆ. ಪರೀಕ್ಷೆಯಲ್ಲಿ ಒಂದನ್ನು ಮುದ್ರಿಸಿ ಕೊಡುತ್ತಾರೆ, ಅದನ್ನು ಉಳಿದ ಹದಿನಾಲ್ಕರಲ್ಲಿ ಯಾವುದಾದರೂ ಒಂದರ ಜೊತೆ ನೆನಪಿನಿಂದ ಹೋಲಿಸಬೇಕು. ಅದಕ್ಕೆ ಅವಳು ಬಣ್ಣ ಬಣ್ಣದ ಕಾರ್ಡ್ ಮಾಡಿದ್ದಾಳೆ. ಒಂದೊಂದು ಕಾರ್ಡಿನಲ್ಲಿ ಮೂರು ಪದ, ನಾಲ್ಕು ಪದದ ತುಣುಕು, ಹಿಂದೆ ಅದರ "ಅರ್ಥ". ನೋಡಲು ಚೆಂದ. ಆದರೆ ಆ ತುಣುಕು ಕವಿತೆಯಲ್ಲಿ ಯಾರು ಯಾರಿಗೆ ಹೇಳಿದ್ದು, ಅದಕ್ಕೆ ಮೊದಲು ಏನಾಗಿತ್ತು ಅಂತ ಕೇಳಿದರೆ ಅವಳು ಕಾರ್ಡ್ ತಿರುಗಿಸಿ ನೋಡುತ್ತಾಳೆ. ನಮ್ಮ ಗೈಡನ್ನೇ ಕತ್ತರಿಯಲ್ಲಿ ಕತ್ತರಿಸಿದ ಹಾಗೆ. ಅಲ್ಲಿನ ಮೌಲ್ಯಮಾಪನದಲ್ಲಿ ಅಕ್ಷರಶಃ ಉದ್ಧರಣೆಯೇ ಬೇಕು ಅಂತ ಕಡ್ಡಾಯವೂ ಇಲ್ಲ, ಕವಿತೆಯ ಇಂಥ ಜಾಗದಲ್ಲಿ ಹೀಗಾಗುತ್ತದೆ ಅಂತ ಸ್ವಂತ ಮಾತಿನಲ್ಲಿ ತೋರಿಸಿದರೂ ಲೆಕ್ಕಕ್ಕೆ ಬರುತ್ತದೆ. ಹಾಗಿದ್ದಾಗ ಇಡೀ ಕವಿತೆ ತಲೆಯಲ್ಲಿ ಇದ್ದವರಿಗೆ ಲಾಭ ಜಾಸ್ತಿ.

ನಾನು ಅವಳಿಗೆ ಹೇಳಿದ್ದು ಇಷ್ಟೇ. ಕಾರ್ಡ್ ಪಕ್ಕಕ್ಕಿಟ್ಟು ಕವಿತೆಯನ್ನು ಜೋರಾಗಿ ಓದು. ಪುಸ್ತಕ ಮುಚ್ಚು. ನೆನಪಾದಷ್ಟು ಹೇಳು. ಎಲ್ಲಿ ನಿಂತಿತೋ ಅಲ್ಲಿ ತೆರೆದು ನೋಡು, ಮತ್ತೆ ಮುಚ್ಚು. ಓದಿದ್ದನ್ನೇ ಹತ್ತು ಸಲ ಓದುವುದಕ್ಕಿಂತ ಇದು ಮೇಲು ಅನ್ನುವುದು ಬರೀ ನನ್ನ ಮಾತಲ್ಲ. 2006ರಲ್ಲಿ ಅಮೆರಿಕದ ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕೆ ವಿದ್ಯಾರ್ಥಿಗಳ ಮೇಲೆ ಇದನ್ನು ಪರೀಕ್ಷೆ ಮಾಡಿದರು. ಪಾಠವನ್ನು ಮತ್ತೆ ಮತ್ತೆ ಓದಿದವರು ಐದು ನಿಮಿಷದ ನಂತರ ಕೇಳಿದಾಗ ಮುಂದಿದ್ದರು. ಒಂದು ವಾರ ಬಿಟ್ಟು ಕೇಳಿದಾಗ, ಪುಸ್ತಕ ಮುಚ್ಚಿ ನೆನಪಿಸಿಕೊಂಡು ಬರೆದವರು ಮುಂದಿದ್ದರು. ಪರೀಕ್ಷೆಯ ಬೆಳಿಗ್ಗೆ ಬಸ್‌ನಲ್ಲಿ ಗೈಡ್ ತಿರುವಿ ಹಾಕುವವರಿಗೆ "ಎಲ್ಲಾ ಬರುತ್ತೆ" ಅನ್ನಿಸುವುದು ಯಾಕೆ ಅಂತ ಇದರಿಂದ ಗೊತ್ತಾಗುತ್ತದೆ. ಐದು ನಿಮಿಷದ ಮಟ್ಟಿಗೆ ನಿಜವಾಗಿಯೂ ಬರುತ್ತದೆ!

ಇನ್ನು ನೋಡಿರದ ಕವಿತೆಯ ವಿಷಯ. ಇದು ಇಂಗ್ಲೆಂಡಿನವರ ಕಿತಾಪತಿ, ನಮ್ಮಂಥವರಿಗಲ್ಲ ಅನ್ನುವವರಿಗೆ ಒಂದು ಪ್ರಶ್ನೆ. ಮುಷಾಯಿರಾದಲ್ಲಿ ಏನು ನಡೆಯುತ್ತದೆ? ಕೂತವರಲ್ಲಿ ಗ್ಯಾರೇಜಿನವರು ಇರುತ್ತಾರೆ, ಬಟ್ಟೆ ಅಂಗಡಿಯವರು ಇರುತ್ತಾರೆ, ರಿಟೈರ್ ಆದ ಮೇಷ್ಟ್ರು ಇರುತ್ತಾರೆ. ಯಾರ ಕೈಯಲ್ಲೂ ಕಾಗದ ಇಲ್ಲ, ಸಾರಾಂಶ ಇಲ್ಲ. ಶಾಯರ್ ಮೊದಲ ಸಾಲು ಹೇಳುತ್ತಾನೆ, ಅದನ್ನೇ ಇನ್ನೊಮ್ಮೆ ಹೇಳುತ್ತಾನೆ. ಜನ ಕಾಯುತ್ತಾರೆ. ಎರಡನೇ ಸಾಲು ಎತ್ತ ಹೋಗಬಹುದು ಅಂತ ಒಳಗೊಳಗೇ ಊಹಿಸುತ್ತಾರೆ. ಕಾಫಿಯಾ ಹತ್ತಿರ ಬರುವಾಗ ಅರ್ಧ ಸಭೆ ಆ ಪದವನ್ನು ಶಾಯರ್‌ಗಿಂತ ಮೊದಲೇ ಹೇಳಿಬಿಡುತ್ತದೆ. ಆಮೇಲೆ "ವಾಹ್". ಆ ಸಭೆಯಲ್ಲಿ ಇರುವವರೆಲ್ಲ ಆ ಕ್ಷಣದಲ್ಲಿ ಬರೆಯುತ್ತಿರುವುದು ನೋಡಿರದ ಕವಿತೆಯ ಪರೀಕ್ಷೆಯೇ. ಕವಿತೆಯನ್ನು ಮೊದಲ ಸಲ ಭೇಟಿಯಾಗುವ ಸಹಜ ರೀತಿ ಅದು. ಸಾರಾಂಶ ಮೊದಲು, ಕವಿತೆ ಆಮೇಲೆ ಅನ್ನುವ ನಮ್ಮ ಕ್ಲಾಸಿನ ರೀತಿಯೇ ವಿಚಿತ್ರ.

ನನ್ನ ದಾದಾ ಆರನೇ ಕ್ಲಾಸು ಓದಿದವರು. ಶೇರ್ ಹೇಳಿ ನಿಲ್ಲಿಸಿ "ಈಗ ಮತ್ಲಬ್ ನೀನು ಹೇಳು" ಅನ್ನುತ್ತಾರೆ. ಎಷ್ಟೋ ಪದಗಳು ಫಾರ್ಸಿಯವು, ನನಗೆ ಗೊತ್ತಿರುವುದಿಲ್ಲ. ಒಂದು ಪದದ ಅರ್ಥ ಕೇಳಿದರೆ ಉಳಿದದ್ದು ತಾನಾಗಿ ಬಿಚ್ಚಿಕೊಳ್ಳುತ್ತದೆ, ಕೆಲವು ಸಲ ಕೇಳದಿದ್ದರೂ ಬಿಚ್ಚಿಕೊಳ್ಳುತ್ತದೆ. ಗಜಲ್‌ನಲ್ಲಿ ಪ್ರತಿ ಶೇರ್‌ಗೂ ಒಂದು ತಿರುವು ಇರುತ್ತದೆ, ಮೊದಲ ಸಾಲು ಒಂದು ಕಡೆ ಕರೆದೊಯ್ದು ಎರಡನೇ ಸಾಲು ಇನ್ನೊಂದು ಕಡೆ ಇಳಿಸುತ್ತದೆ. ಆ ತಿರುವು ಹಿಡಿಯುವ ಅಭ್ಯಾಸ ನಮ್ಮಲ್ಲಿ ಅನೇಕರಿಗೆ ಮನೆಯಲ್ಲೇ ಆಗಿದೆ. ಖಾಲಾ ಮಗಳು ಕವಿಯ ಹೆಸರು ಮುಚ್ಚಿ ಕವಿತೆಯ ಫೋಟೋ ಕಳಿಸುತ್ತಾಳೆ, ನಾನು ವಾಯ್ಸ್ ಮೆಸೇಜ್ ಕಳಿಸುತ್ತೇನೆ. ಅವಳ ಇಂಗ್ಲಿಷ್ ನನ್ನದಕ್ಕಿಂತ ಎಷ್ಟೋ ಮೇಲೆ, ಪದ ಅವಳು ಹೇಳುತ್ತಾಳೆ. ಕವಿತೆ ಎಲ್ಲಿ ತಿರುಗಿತು ಅನ್ನುವುದು ಮಾತ್ರ ಹೆಚ್ಚಿನ ಸಲ ನನಗೇ ಮೊದಲು ಸಿಗುತ್ತದೆ. ಇದು ನನ್ನ ಜಾಣತನ ಅಲ್ಲ, ದಾದಾ ಅವರ ಕಾಟದ ಫಲ.

ಹೇಗೆ ಓದಬೇಕು ಅಂತ ಒಂದು ಉದಾಹರಣೆ ಕೊಡುತ್ತೇನೆ. ಅಭ್ಯಾಸಕ್ಕೆ ಅಂತ ನಾನೇ ಕಟ್ಟಿದ ನಾಲ್ಕು ಸಾಲು, ಕವಿತೆ ಅಂತ ಕರೆಯುವ ಧೈರ್ಯ ಇಲ್ಲ:

ಅಂಗಡಿ ಮುಚ್ಚಿದ ಮೇಲೂ ಅಬ್ಬಾ
ತಕ್ಕಡಿಯನ್ನು ಒಮ್ಮೆ ಮುಟ್ಟಿ ನೋಡುತ್ತಾರೆ.
ಏನೂ ಇಲ್ಲದ ತಟ್ಟೆ
ಇನ್ನೂ ತೂಗುತ್ತಲೇ ಇದೆ.

ಪೆನ್ ಮುಟ್ಟದೆ ಎರಡು ಸಲ ಓದಿ. ಮಾತಾಡುತ್ತಿರುವವರು ಯಾರು? "ಅಬ್ಬಾ" ಅಂದ ಮೇಲೆ ಮಗನೋ ಮಗಳೋ, ಸ್ವಲ್ಪ ದೂರ ನಿಂತು ನೋಡುತ್ತಿದ್ದಾರೆ. ಹೊತ್ತು ಯಾವುದು? ಅಂಗಡಿ ಮುಚ್ಚಿದ ಮೇಲೆ, ಅಂದರೆ ಕೆಲಸ ಮುಗಿದಿರಬೇಕಾದ ಹೊತ್ತು. ತಿರುವು ಎಲ್ಲಿದೆ? ಮೂರನೇ ಸಾಲಿನಲ್ಲಿ. ಅಲ್ಲಿಯವರೆಗೆ ಅಬ್ಬಾ ಇದ್ದರು, ಆಮೇಲೆ ತಟ್ಟೆ ಮಾತ್ರ ಇದೆ. ಯಾವ ಪದ ಕಾಲಿಗೆ ತಡೆಯುತ್ತದೆ? "ತೂಗುತ್ತಲೇ". ತಟ್ಟೆ ಅಲ್ಲಾಡುತ್ತಿದೆ ಅಂತಲೂ ಆಯಿತು, ಏನನ್ನೋ ತೂಕ ಮಾಡುತ್ತಿದೆ ಅಂತಲೂ ಆಯಿತು. ಏನೂ ಇಲ್ಲದ ತಟ್ಟೆ ಏನನ್ನು ತೂಕ ಮಾಡುತ್ತದೆ? ಇಡೀ ದಿನದ ವ್ಯಾಪಾರವನ್ನೇ? ಬರಬೇಕಾದ ಬಾಕಿಯನ್ನೇ? ಅಬ್ಬಾ ಅವರ ಚಿಂತೆಯನ್ನೇ? ಇಲ್ಲಿ ಒಂದೇ ಸರಿ ಉತ್ತರ ಇಲ್ಲ. ಆದರೆ ತಪ್ಪು ಉತ್ತರ ಇದೆ. "ಈ ಕವಿತೆ ಪ್ರಾಮಾಣಿಕ ವ್ಯಾಪಾರದ ಮಹತ್ವವನ್ನು ತಿಳಿಸುತ್ತದೆ" ಅಂತ ಬರೆದರೆ ತಪ್ಪು. ತಕ್ಕಡಿ ಕಂಡ ಕೂಡಲೇ ನ್ಯಾಯ, ಪ್ರಾಮಾಣಿಕತೆ ಅಂತ ಶುರು ಮಾಡುವುದು ನಮ್ಮ ಹಳೆಯ ಚಟ. ಆ ನಾಲ್ಕು ಸಾಲಿನಲ್ಲಿ ಅದು ಎಲ್ಲಿದೆ?

ಈ ಚಟ ನಮಗೆ ಮಾತ್ರ ಇರುವುದಲ್ಲ ಅಂತ ಗೊತ್ತಾದಾಗ ನನಗೆ ಖುಷಿಯಾಯಿತು. ಐ.ಎ. ರಿಚರ್ಡ್ಸ್ ಎಂಬ ಪ್ರಾಧ್ಯಾಪಕರು ಕೇಂಬ್ರಿಡ್ಜ್ ವಿಶ್ವವಿದ್ಯಾಲಯದಲ್ಲಿ ಕವಿಯ ಹೆಸರಿಲ್ಲದ ಕವಿತೆಗಳನ್ನು ವಿದ್ಯಾರ್ಥಿಗಳಿಗೆ ಕೊಟ್ಟು ಅನ್ನಿಸಿದ್ದನ್ನು ಬರೆಸಿದರು. ಅಂಥ 13 ಕವಿತೆಗಳ ಬಗ್ಗೆ ಅವರೆಲ್ಲ ಬರೆದದ್ದನ್ನು ಸೇರಿಸಿ 1929ರಲ್ಲಿ 'ಪ್ರಾಕ್ಟಿಕಲ್ ಕ್ರಿಟಿಸಿಸಂ' ಅನ್ನುವ ಪುಸ್ತಕ ತಂದರು. ಹೆಸರು ಕಾಣದೆ ಹೋದಾಗ ಹೆಸರಾಂತ ಕವಿಗಳ ಕವಿತೆಗಳನ್ನೂ ಎಷ್ಟೋ ವಿದ್ಯಾರ್ಥಿಗಳು ಕಳಪೆ ಅಂದರು, ಸಾಧಾರಣ ಕವಿತೆಗಳನ್ನು ಹೊಗಳಿದರು. ಸಾಲಿನಲ್ಲಿ ಇಲ್ಲದ್ದನ್ನು ತಮ್ಮ ತಲೆಯಿಂದ ತಂದು ತುಂಬಿದರು. ಇಂಗ್ಲಿಷೇ ತಾಯ್ನುಡಿ ಆದ ಕೇಂಬ್ರಿಡ್ಜಿನವರ ಕಥೆ ಇದು. ಇವತ್ತು ಶಾಲೆಗಳಲ್ಲಿ ಕೊಡುವ ನೋಡಿರದ ಕವಿತೆಯ ಪ್ರಶ್ನೆಗೆ ಅಲ್ಲಿಂದಲೇ ದೊಡ್ಡ ಬಲ ಬಂದದ್ದು. ಖಾಲಾ ಮಗಳ ಪತ್ರಿಕೆಯ ಆ ಭಾಗದಲ್ಲಿ ಕವಿ ಎಲ್ಲಿ ಹುಟ್ಟಿದ, ಯಾವ ಕಾಲದವನು ಅನ್ನುವುದಕ್ಕೆ ಒಂದು ಅಂಕವೂ ಇಲ್ಲ. ಸಾಲು ಓದಿ ಅರ್ಥ ಮಾಡಿಕೊಂಡದ್ದಕ್ಕೆ, ಕವಿ ಪದಗಳಿಂದ ಏನು ಮಾಡಿದ ಅಂತ ತೋರಿಸಿದ್ದಕ್ಕೆ ಮಾತ್ರ ಅಂಕ. ದೊಡ್ಡ ಗೈಡ್ ಕೊಳ್ಳಲು ದುಡ್ಡಿದ್ದವನೂ ಇಲ್ಲದವನೂ ಆ ಹಾಳೆಯ ಮುಂದೆ ಒಂದೇ. ಈ ಕಾರಣಕ್ಕೇ ನನಗೆ ಆ ಪ್ರಶ್ನೆ ಇಷ್ಟ.

"ನಮಗೆ ಇಂಗ್ಲಿಷೇ ಸರಿಯಾಗಿ ಬರಲ್ಲ, ಇನ್ನು ಕವಿತೆ ಎಲ್ಲಿಂದ?" ಇದು ಗೆಳೆಯರು ಹೇಳುವ ಮಾತುಗಳಲ್ಲಿ ಗಟ್ಟಿಯಾದದ್ದು. ಇದಕ್ಕೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ಪದಗಳು ಬರದಿದ್ದರೆ ಕಷ್ಟವೇ. ಆದರೆ ಹತ್ತು ಸಾಲಿನಲ್ಲಿ ಮೂರು ಪದ ಗೊತ್ತಿಲ್ಲದಿದ್ದರೆ ಉಳಿದ ಪದಗಳ ಮೇಲೆ ನಿಂತು ಅವನ್ನು ಊಹಿಸಬಹುದು, ಪ್ರಶ್ನೆಗಳೂ ಹೆಚ್ಚಾಗಿ ಗೊತ್ತಿರುವ ಪದಗಳ ಸುತ್ತಲೇ ಇರುತ್ತವೆ. ಗೈಡ್‌ನ ಉತ್ತರದಲ್ಲಿ ಇರುವ ಇಂಗ್ಲಿಷ್ ಕವಿತೆಯ ಇಂಗ್ಲಿಷ್‌ಗಿಂತ ಕಷ್ಟ, ಅದನ್ನಾದರೆ ಉರು ಹೊಡೆಯುತ್ತೇವೆ! ಇನ್ನು ಕೆಲವರು "ನಾವು ಕಾಮರ್ಸ್, ಕವಿತೆಗೂ ನಮಗೂ ಏನು ಸಂಬಂಧ" ಅನ್ನುತ್ತಾರೆ. ನಿಸಾರ್ ಅಹಮದ್ ಕಾಲೇಜಿನಲ್ಲಿ ಕಲಿಸುತ್ತಿದ್ದದ್ದು ಭೂವಿಜ್ಞಾನ. ಅದಕ್ಕಿಂತ ಹೆಚ್ಚು ಹೇಳುವ ಅಗತ್ಯ ಇಲ್ಲ.

ನಮ್ಮ ಲೆಕ್ಚರರ್‌ಗಳಲ್ಲಿ ಒಂದು ವಿನಂತಿ. ಹೊಸ ಕವಿತೆ ಶುರು ಮಾಡುವ ದಿನ ಹತ್ತು ನಿಮಿಷ ಸಾರಾಂಶ ಹೇಳಬೇಡಿ. ಓದಿ ಹೇಳಿ, ಇನ್ನೊಮ್ಮೆ ಓದಿ ಹೇಳಿ, ಆಮೇಲೆ ನಮ್ಮನ್ನು ಕೇಳಿ. ಮೊದಲ ಕೆಲವು ದಿನ ಯಾರೂ ಬಾಯಿ ಬಿಡುವುದಿಲ್ಲ, ಹಿಂದಿನ ಬೆಂಚಿನವರು ನಗುತ್ತಾರೆ. ಪೋರ್ಷನ್ ಮುಗಿಸುವ ಒತ್ತಡ ನಿಮಗಿದೆ ಅಂತ ನಮಗೂ ಗೊತ್ತು. ಆದರೂ ಹತ್ತು ನಿಮಿಷ.

ಉಳಿದದ್ದು ನಾವೇ ಮಾಡಿಕೊಳ್ಳಬಹುದು. ಲೈಬ್ರರಿ ಪಕ್ಕದ ನೋಟಿಸ್ ಬೋರ್ಡಿನ ಎಡಗಡೆ ಜಾಗ ಖಾಲಿ ಇದೆ, ಕಳೆದ ವರ್ಷದ ಕ್ರೀಡಾಕೂಟದ ಪಟ್ಟಿ ಇನ್ನೂ ಅಲ್ಲೇ ಹಳದಿಯಾಗುತ್ತಿದೆ. ಅದನ್ನು ತೆಗೆದು ಪ್ರತಿ ಸೋಮವಾರ ಒಂದು ಸಣ್ಣ ಇಂಗ್ಲಿಷ್ ಕವಿತೆ ಹಾಕೋಣ, ಹತ್ತರಿಂದ ಹದಿನಾಲ್ಕು ಸಾಲಿನದು. ಕವಿಯ ಹೆಸರು ಹಾಳೆಯ ಹಿಂದೆ. ಕೆಳಗೆ ಎರಡೇ ಪ್ರಶ್ನೆ: ಯಾರು ಮಾತಾಡುತ್ತಿದ್ದಾರೆ, ಎಲ್ಲಿ ತಿರುಗಿತು. ಉತ್ತರ ಕನ್ನಡದಲ್ಲಿ ಬರೆಯಿರಿ, ಉರ್ದುವಿನಲ್ಲಿ ಬರೆಯಿರಿ, ಬರುವಷ್ಟು ಇಂಗ್ಲಿಷ್‌ನಲ್ಲಿ ಬರೆಯಿರಿ. ಮೊದಲ ಮೂರು ವಾರದ ಕವಿತೆ ನಾನು ತರುತ್ತೇನೆ. ನಾಲ್ಕನೇ ವಾರದ್ದು ಸೈನ್ಸ್ ಸೆಕ್ಷನ್‌ನವರು ತರಲಿ, ಅವರ ಹೆಸರು ಕೊಡಲು ಪತ್ರಿಕೆಯ ಡಬ್ಬಿ ಆಫೀಸಿನ ಮುಂದೆ ಇದೆ.